ಒಂದಕ್ಷರದ ತಪ್ಪು

ಮಾರ್ಚ್ ೯, ಭಾನುವಾರ. ಶಿಕಾರಿಪುರ.

ಅಮ್ಮ ಊಟಕ್ಕೂ ಕರೆಯಲಿಲ್ಲ. ಅಪ್ಪನಿಗೆ ನಾನು ಹಾಗನ್ನಬಾರದಿತ್ತಂತೆ. ಹೇಳಿದ್ದು ಸುಳ್ಳೇ?

ರೈಲು ಎಂಜಿನ್ ಎಷ್ಟು ಬಲದಿಂದ ಎಳೆಯುತ್ತದೆಂದು, ಅದರ ಹಿಂದಿನ ಡೈನಮೋಮೀಟರ್ ಬೋಗಿಯಲ್ಲಿ ಕೂತು ಅಳೆಯುವುದು ನನ್ನ ಕೆಲಸ. ಇವತ್ತು ಸೊರಬದ ಗೊಬ್ಬರದಂಗಡಿಯಲ್ಲಿ ಅಪ್ಪ ಎಲ್ಲರೆದುರು, "ನಮ್ ಹುಡ್ಗ ರೈಲು ಎಳೀತಾನ್ರೀ" ಎಂದರು.

"ಎಳೆಯೋದು ಎಂಜಿನ್ನು. ನಾನು ಅಳೆಯೋನು. ಹತ್ತು ವರ್ಷದಿಂದ ಹೇಳ್ತಿದೀನಿ, ಎತ್ತಾಗಿದ್ರೂ ಕಲೀತಿತ್ತು" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ವಾಪಸು ಬರುವಾಗ ಬಸ್ಸಿನ ಕಿಟಕಿ ಕಡೆ ಮುಖ ಮಾಡಿಕೊಂಡೇ ಅಪ್ಪ ಹೇಳಿದರು: "ಹೌದಪ್ಪ. ಸಂಸಾರ ಎಳ್ದೋನು ನಾನು, ಅಳೆಯೋನು ನೀನು."

ಈ ಸಲ ಎರಡನ್ನೂ ಸರಿಯಾಗಿ ಹೇಳಿದರು.