ಬೂದೆವ್ವಳಿಗೆ ರಾಜರಕ್ತ ಬೇಡ

ಮಾನ್ಯ ಕಥಾ ವಿಭಾಗದ ಮುಖ್ಯಸ್ಥರೇ,

ನೀವು ನಮ್ಮ ಬೂದೆವ್ವಳನ್ನು ರಾಜಕುಮಾರಿ ಮಾಡಿದ್ದೀರಿ. ಯಾರನ್ನು ಕೇಳಿ ಮಾಡಿದಿರಿ?

ನಿಮ್ಮ ಹುದ್ದೆಯ ಹೆಸರು ಬಹಳ ಉದ್ದವಿದೆ, ನನಗೆ ಪೂರ್ತಿ ನೆನಪಿಲ್ಲ. 'ಬುರುಜಿನಾಚೆ' ಕಾದಂಬರಿಗಳನ್ನು ಕಂಪ್ಯೂಟರ್ ಆಟವಾಗಿ ಮಾಡುತ್ತಿರುವ ನಿಮ್ಮ ಸಂಸ್ಥೆಯಲ್ಲಿ, ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಬೇಕೆಂದು ತೀರ್ಮಾನಿಸುವ ಅಧಿಕಾರ ನಿಮ್ಮದೇ ಎಂದು ಕೇಳಿದೆ. ದೇವರ ಕೆಲಸ, ಸಂಬಳವೂ ಇದೆ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಆ ನಾಲ್ಕು ಸಂಪುಟಗಳನ್ನು ಓದದವರೂ ಈ ಪತ್ರ ನೋಡುವುದರಿಂದ ಸ್ವಲ್ಪ ಹೇಳಿಬಿಡುತ್ತೇನೆ. ಮಾತನಾಡುವ ಹದ್ದು, ಉರಿಯುವ ಹೊಳೆ, ನೆರಳು ಮಾರುವ ವ್ಯಾಪಾರಿಗಳು ಎಲ್ಲರೂ ಅದರಲ್ಲಿದ್ದಾರೆ. ನಾಯಕಿ ಬೂದೆವ್ವ ಮಾತ್ರ ಕೋಟೆಯ ಒಲೆಗಳ ಬೂದಿಯನ್ನು ಹೊತ್ತು ಹೊರಗೆ ಸುರಿಯುವವಳ ಮಗಳು. ಅವಳ ಜನ ಕತ್ತಲಾದ ಮೇಲೆ ಕೋಟೆಯೊಳಗೆ ಇರುವಂತಿಲ್ಲ, ಅವರು ಮುಟ್ಟಿದ ಅನ್ನವನ್ನು ಒಳಗಿನವರು ಉಣ್ಣುವಂತಿಲ್ಲ. ಮೂರನೇ ಸಂಪುಟದಲ್ಲಿ ಕೋಟೆಯ ಬಾಗಿಲು ಮುಚ್ಚಿದೆ, ಒಳಗೆ ಕಾಳು ತೀರಿದೆ. ದಳಪತಿ ಬಾಗಿಲ ಹೊರಗೆ ಕಾವಲಿಗೆ ಹಸಿದೇ ನಿಂತಿದ್ದಾನೆ, ಆದರೂ ಬಾಗಿಲು ತೆರೆಸಲೊಲ್ಲ. ಬೂದೆವ್ವ ಬಾಗಿಲ ಮುಂದೆ ಬಟ್ಟೆ ಹಾಸಿ, ಬುತ್ತಿ ಬಿಚ್ಚಿ, ಅವನನ್ನು ಊಟಕ್ಕೆ ಕರೆಯುತ್ತಾಳೆ. ಇಡೀ ಅಧ್ಯಾಯದಲ್ಲಿ ಇರುವುದು ಒಂದೇ ಪ್ರಶ್ನೆ: ಅವನು ಅವಳ ಕೈಯ ರೊಟ್ಟಿ ತಿನ್ನುತ್ತಾನೋ ಇಲ್ಲವೋ? ತಿನ್ನುತ್ತಾನೆ. ಬಾಗಿಲು ತೆರೆಯುತ್ತದೆ. ಒಂದು ಕತ್ತಿಯೂ ಒರೆಯಿಂದ ಹೊರಬರುವುದಿಲ್ಲ. ತಿನ್ನುವ ಮೊದಲೂ ತಿಂದ ಮೇಲೂ ಅವಳು ಬೂದಿ ಹೊರುವವಳ ಮಗಳೇ.

ನಿಮ್ಮ ಟ್ರೇಲರಿನಲ್ಲಿ ಏನಿದೆ? ಬೂದೆವ್ವಳ ಭುಜದ ಮೇಲೆ ಒಂದು ಮಚ್ಚೆ ಟ್ಯೂಬ್‌ಲೈಟಿನ ಹಾಗೆ ಹೊತ್ತಿಕೊಳ್ಳುತ್ತದೆ. "ರಾಜರಕ್ತ ಎಚ್ಚರಗೊಂಡಿದೆ!" ಎಂದು ಯಾರೋ ಗಂಟಲು ಹರಿಯುವಂತೆ ಕೂಗುತ್ತಾರೆ. ದಳಪತಿ ಮಂಡಿಯೂರಿ "ರಾಜಕುಮಾರೀ!" ಎನ್ನುತ್ತಾನೆ. ಆಮೇಲೆ ರೊಟ್ಟಿ ತಿನ್ನುತ್ತಾನೆ. ಸ್ವಾಮೀ, ರಾಜಕುಮಾರಿ ಕೊಟ್ಟ ರೊಟ್ಟಿಯನ್ನು ಬೇಡ ಅನ್ನಲು ಅವನಿಗೇನು ಹುಚ್ಚೇ?

ನೀವು ಅಭಿಮಾನಿಗಳ ನಿರೀಕ್ಷೆಗಳನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೀರಂತೆ. ನಿಜ, ಕಳೆದ ವರ್ಷ ನಮ್ಮನ್ನು ಸಾಕಷ್ಟು ಪ್ರಶ್ನೆ ಕೇಳಿದಿರಿ. ಬೂದೆವ್ವಳ ಕೂದಲು ಗುಂಗುರಿರಬೇಕೇ? ಹದ್ದಿನ ಧ್ವನಿ ಗಂಡಸಿನದೋ ಹೆಂಗಸಿನದೋ? ಕುದುರೆ ಯಾವ ಬಣ್ಣ? ನಾವು ಹುಮನಾಬಾದಿನ ಅಭಿಮಾನಿಗಳು ಕುದುರೆಯ ಬಣ್ಣಕ್ಕಾಗಿ ಕಾದಾಡಿ ವಾರಗಟ್ಟಲೆ ಮಾತು ಬಿಟ್ಟಿದ್ದೆವು. ಅವಳ ಅಪ್ಪನನ್ನು ಬದಲಾಯಿಸಬಹುದೇ ಎಂದು ಮಾತ್ರ ನೀವು ಕೇಳಲಿಲ್ಲ. ಅದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲವೆಂದು ನಿಮಗೆ ಯಾರು ಹೇಳಿದರು?

ನಿಮ್ಮ ತಂಡಕ್ಕೆ ಶ್ರದ್ಧೆಯಿಲ್ಲ ಎಂದು ನಾನು ಹೇಳುವುದಿಲ್ಲ. ಬಸವಕಲ್ಯಾಣದ ಕೋಟೆಗೆ ಬಂದು ಒಂದೊಂದು ಕಲ್ಲಿನ ಫೋಟೊ ತೆಗೆದುಕೊಂಡು ಹೋದಿರಿ. ಟ್ರೇಲರಿನಲ್ಲಿ ಬಾಗಿಲ ಬಳಿಯ ಬಿರುಕು, ಗೋಡೆಯ ಸಂದಿನ ಹುಲ್ಲು, ಎಲ್ಲ ಇದ್ದಲ್ಲೇ ಇವೆ. ಕಲ್ಲನ್ನು ಇದ್ದ ಹಾಗೇ ಉಳಿಸಿದಿರಿ, ಹುಡುಗಿಯನ್ನು ಉಳಿಸಲಿಲ್ಲ. ಅದೂ ಕಲ್ಯಾಣದಲ್ಲಿ ನಿಂತು! ಹುಟ್ಟು ಕೇಳಬೇಕೋ ಬೇಡವೋ ಎಂಬುದು ಈ ಊರಿನಲ್ಲಿ ಎಷ್ಟು ಹಳೆಯ ಜಗಳವೆಂದು ಅಲ್ಲಿ ಚಹಾ ಮಾರುವವನನ್ನು ಕೇಳಿದ್ದರೂ ಹೇಳುತ್ತಿದ್ದ.

ನೀವು ಕಳಿಸಿದ ಡೆಮೊವನ್ನು ಹುಮನಾಬಾದಿನಲ್ಲಿ ರುಬೀನಾಳ ಕಂಪ್ಯೂಟರ್ ಅಂಗಡಿಯಲ್ಲಿ ಆಡಿದೆವು. ಆಡಿದವನು ಕೊಡಂಬಲದ ಕಲ್ಲಿನಾಥ. ಮನೆಯ ಕುರಿ ಕಾಯುತ್ತಾನೆ, ಕುರಿ ಮೇಯುವಾಗ ಮೊಬೈಲಿನಲ್ಲಿ ರಾಜ್ಯಗಳನ್ನು ಗೆಲ್ಲುತ್ತಾನೆ. ಕೋಟೆಯ ಬಾಗಿಲು ಬಂತು. ಕಲ್ಲಿನಾಥ ಪುಸ್ತಕ ಓದಿದವನು, ನೇರವಾಗಿ ಬುತ್ತಿ ತೆಗೆದ.

"ರುಬೀನಕ್ಕಾ, ಉಣ್ಣಾಕ ಕರೆಯೋ ಬಟನ್ ಯಾವ್ದು?"

"ನಾನೂ ಅದನ್ನೇ ಹುಡುಕಾಕತ್ತೇನಿ. ಇಲ್ಲೇ ಇಲ್ಲ ನೋಡು."

ಅವನು ಅಷ್ಟಕ್ಕೇ ಬಿಡಲಿಲ್ಲ. ಒಬ್ಬೊಬ್ಬ ಸಿಪಾಯಿಯ ಮುಂದೆ ಹೋಗಿ ರೊಟ್ಟಿ ಕೆಳಗಿಟ್ಟ. ಸಿಪಾಯಿಗಳು ಅದನ್ನು ತುಳಿದುಕೊಂಡು ಬಂದು ಬೂದೆವ್ವಳನ್ನು ಹೊಡೆದರು. ಸತ್ತಳು. ಎದ್ದಳು. ಮತ್ತೆ ರೊಟ್ಟಿ ಇಟ್ಟಳು. ಸಂಜೆಯವರೆಗೂ ಇದೇ ನಡೆಯಿತು. ಕೊನೆಗೆ ಕಲ್ಲಿನಾಥ ಮೌಸ್ ತಳ್ಳಿಬಿಟ್ಟ. "ಇದ್ಯಾವ ಆಟ ರೀ? ಹೊಡಿಯಾಕ ಇಷ್ಟು ಬಟನ್ ಅದಾವ, ಉಣ್ಣಸಾಕ ಒಂದೂ ಇಲ್ಲ!" ಆಗ ಪರದೆಯ ಮೇಲೆ ನಿಮ್ಮ ತೀರ್ಪು ಬಂತು: 'ಈ ಆಟಗಾರರಿಗೆ ಆಟ ಅರ್ಥವಾಗಿಲ್ಲ.' ನಮಗೆ ಆಟ ಅರ್ಥವಾಗಿದೆ ಮಾನ್ಯರೇ. ಪುಸ್ತಕವೂ ಅರ್ಥವಾಗಿದೆ, ತೊಂದರೆ ಇರುವುದೇ ಅಲ್ಲಿ.

ಇನ್ನು ನನ್ನ ಮನೆಯ ಮಾತು. ನಮ್ಮೂರು ಹಳ್ಳಿಖೇಡ (ಬಿ). ನಮ್ಮ ಓಣಿ ಊರಿಗೆ ಸ್ವಲ್ಪ ಹೊರಗೇ ಇದೆ. ಏಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾವು ಬೌದ್ಧರು. ಎಳ್ಳಮಾವಾಸ್ಯೆಯ ಪೂಜೆ ಬಿಟ್ಟೆವು, ಭಜ್ಜಿ ಬಿಡಲಿಲ್ಲ. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಎಳೆಕಾಳು, ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಬದುವಿನ ಮೇಲೆ ಹಾಯುವವರನ್ನು ಕರೆಯದೆ ಉಣ್ಣುವಂತಿಲ್ಲ. ಕರೆದ ಮೇಲೆ ಬರದೆ ಹೋಗುವುದು ಸಣ್ಣತನ.

ಪಕ್ಕದ ಹೊಲ ದೇವಿಂದ್ರಪ್ಪ ಕಾಕಾ ಅವರದು. ಒಳ್ಳೆಯ ಮನುಷ್ಯರು. ನೀರು ಬಿಡುತ್ತಾರೆ, ಎತ್ತು ಕೊಡುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಪ್ರತಿ ವರ್ಷ ನಮ್ಮ ಅವ್ವ ಸುಗಂಧಾ ಅವರನ್ನು ಕರೆಯುತ್ತಿದ್ದಳು, "ಬರ್ರಿ ಅಣ್ಣಾ, ಉಣ್ಣಾಕ." ಅವರು ಬದುವಿನ ಮೇಲೆ ನಿಂತೇ ನಕ್ಕು, "ಊಟ ಆಗ್ಯಾದವಾ, ನಿಮ್ದು ಆಗ್ಲಿ" ಅನ್ನುತ್ತಿದ್ದರು. ಅವರ ಮನೆಯ ಬುತ್ತಿಯ ಗಂಟು ಇನ್ನೂ ಬಿಚ್ಚಿರುತ್ತಿರಲಿಲ್ಲ. ಅದು ನಮಗೆ ಕಾಣುತ್ತಿತ್ತು. ನಮಗೆ ಕಾಣುತ್ತದೆಂದು ಅವರಿಗೂ ಗೊತ್ತಿತ್ತು.

ಒಂದು ಎಳ್ಳಮಾವಾಸ್ಯೆಗೆ ನನ್ನ ತಂಗಿ ಪೂನಂ ಆ ಮೂರನೇ ಸಂಪುಟವನ್ನು ಹೊಲಕ್ಕೆ ತಂದು, ಜೋಳದ ದಂಟಿನಿಂದ ಕಟ್ಟಿದ ಕೊಂಪಿಯ ನೆರಳಿನಲ್ಲಿ ಕುಳಿತು ಗಟ್ಟಿಯಾಗಿ ಓದಿದಳು. ಕಾಕಾ 'ಆಗ್ಯಾದ' ಅಂದು ಹೊರಟವರು, ಯಾಕೋ ಬದುವಿನ ಮೇಲೇ ಕುಳಿತರು. ದಳಪತಿಯ ಮುಂದೆ ಬಟ್ಟೆ ಹಾಸುವಲ್ಲಿಗೆ ಬಂದಾಗ ಅವ್ವ ಊಟಕ್ಕೆ ಬಡಿಸಿದಳು. ಪೂನಂ ಪುಸ್ತಕ ಮುಚ್ಚಿದಳು.

"ಏ ಪೂನಂ, ಮುಂದ ಏನಾತು? ಅವ ಉಂಡನಾ ಇಲ್ಲಾ?" ಕಾಕಾ ಕೂಗಿದರು.

ಉತ್ತರ ಕೊಟ್ಟವಳು ಅವ್ವ. "ಬಂದು ಕುಂತು ಉಣ್ರಿ ಅಣ್ಣಾ, ಹೇಳ್ತೇವಿ."

"ಹಿಂಗ ಹಟ ಮಾಡ್ತಾರೇನವಾ?"

"ಹ್ಯಾಂಗರ ತಿಳ್ಕೋರಿ. ಉಣಲಾರದೇ ಹೇಳಾಂಗಿಲ್ಲ."

ಎಷ್ಟು ಹೊತ್ತು ಕುಳಿತಿದ್ದರೋ ನಾವು ನೋಡಲಿಲ್ಲ. ನೋಡಬಾರದೆಂದು ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದೆವು. ಆಮೇಲೆ ಚಪ್ಪಲಿ ಕಳಚಿದ ಸದ್ದಾಯಿತು. ಬಂದರು. ಕುಳಿತರು. ಅವಸರದಲ್ಲಿ ಬಿಸಿ ಭಜ್ಜಿ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡು, "ಈಗರ ಓದವಾ!" ಎಂದು ಪೂನಂಳ ಮೇಲೆ ರೇಗಿದರು. ಅಂದಿನಿಂದ ಪ್ರತಿ ವರ್ಷ ಬರುತ್ತಾರೆ. ನನ್ನ ಅವ್ವನ ಮುಖವನ್ನು ಅಂದು ನೀವು ನೋಡಬೇಕಿತ್ತು.

ಹೋದ ತಿಂಗಳು ನಿಮ್ಮ ಟ್ರೇಲರ್ ಬಂತು. ಕುಣಿದಾಡಿಕೊಂಡು ಅವರಿಗೇ ಮೊದಲು ತೋರಿಸಿದೆ. ಮೊಬೈಲನ್ನು ದೂರ ಹಿಡಿದು ನೋಡಿದರು. ಮಚ್ಚೆ ಹೊತ್ತಿತು, ದಳಪತಿ ಮಂಡಿಯೂರಿದ. ಕಾಕಾ ನನ್ನ ಮುಖ ನೋಡಿದರು.

"ವಿಶಾಖಾ, ಅಕಿ ಮೊದಲೇ ರಾಜನ ಮಗಳು ಇದ್ಳು ಅಂದ್ರ, ನಾ ಸುಮ್ಮಸುಮ್ಕ ಉಂಡೆ ಏನು?"

ನಕ್ಕರು. ತಮಾಷೆಗೇ ಅಂದಿರಬೇಕು. ಅವ್ವ ಮಾತ್ರ ನಗಲಿಲ್ಲ. "ನೀವು ಬೂದೆವ್ವನ ಕೈಲೆ ಉಂಡಿಲ್ಲ ಅಣ್ಣಾ, ನನ್ನ ಕೈಲೆ ಉಂಡೀರಿ" ಅಂದಳು. ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಬರುವ ಎಳ್ಳಮಾವಾಸ್ಯೆಗೆ ಬರುತ್ತಾರೋ, ಮತ್ತೆ 'ಆಗ್ಯಾದ' ಅನ್ನುತ್ತಾರೋ ನನಗೆ ಗೊತ್ತಿಲ್ಲ. ಅವ್ವ ಈಗಿನಿಂದಲೇ ಅದನ್ನೇ ಯೋಚಿಸುತ್ತಿದ್ದಾಳೆ.

ರಾಜರಕ್ತವಿದ್ದರೆ ಆಟ ಚೆನ್ನಾಗಿ ಮಾರುತ್ತದೆ ಎಂದು ನೀವು ಹೇಳಬಹುದು. ಇರಬಹುದು. ಲೋಕದಲ್ಲಿ ಕಳೆದುಹೋದ ರಾಜಕುಮಾರಿಯರಿಗೆ ಬರವಿಲ್ಲ, ಯಾರನ್ನಾದರೂ ಕರೆದುಕೊಳ್ಳಿ. ಬೂದಿ ಹೊರುವವಳ ಮಗಳು ನಮಗೆ ಇದ್ದದ್ದು ಒಬ್ಬಳೇ. ಆ ಮಚ್ಚೆ ಅಳಿಸಿ. ಅವಳ ಅವ್ವನನ್ನು ಅವಳಿಗೆ ತಿರುಗಿ ಕೊಡಿ. ಊಟಕ್ಕೆ ಕರೆಯುವ ಬಟನ್ ಒಂದು ಇಡಿ. ದಳಪತಿ ಬೇಕಾದರೆ ಹತ್ತು ಸಲ 'ಆಗ್ಯಾದ' ಅನ್ನಲಿ, ಕಲ್ಲಿನಾಥ ಹನ್ನೊಂದನೆಯ ಸಲ ಕರೆಯುತ್ತಾನೆ.

ಇದಾವುದೂ ನಿಮಗೆ ತಿಳಿಯದಿದ್ದರೆ ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಬನ್ನಿ. ದೇವಿಂದ್ರಪ್ಪ ಕಾಕಾ ಕೂರುವ ಜಾಗದ ಪಕ್ಕದಲ್ಲೇ ನಿಮಗೂ ಚಾಪೆ ಹಾಸುತ್ತೇವೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನನ್ನ ಅವ್ವನ ಭುಜದ ಮೇಲೆ ಯಾವ ಮಚ್ಚೆಯೂ ಇಲ್ಲ. ಅದನ್ನು ತಿಳಿದುಕೊಂಡು ಉಣ್ಣಿ.

ಇಂತಿ,
ತಮ್ಮ ಡೆಮೊದಲ್ಲಿ ಕಲ್ಲಿನಾಥನ ಜೊತೆ ಸಂಜೆಯವರೆಗೂ ರೊಟ್ಟಿ ಹಂಚಿ ಸೋತ,
ಆಟ ಅರ್ಥವಾಗದ
ವಿಶಾಖಾ, ಹಳ್ಳಿಖೇಡ (ಬಿ)