ಆಟದ ರೈಲಿನಲ್ಲಿ ಬಿಟ್ಟ ಜಾಗ

ಫೆಬ್ರವರಿ 19, ಸಂಜೆ

ಬೆಳಿಗ್ಗೆ ಮತ್ತೆ ವಾಂತಿ. ಪಕ್ಕದ ಮನೆಗೆ ಕೇಳಿಸದಿರಲಿ ಅಂತ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಆಫೀಸಿಗೆ ತಡ. ಮೇಜಿನ ಮೇಲೆ ಮೂರನೇ ತರಗತಿ ವ್ಯಾಕರಣದ ಪ್ರೂಫ್ — ಕಾಲಗಳ ಪಾಠ. 'ಹುಡುಗನು ಬರುತ್ತಾನೆ' ವರ್ತಮಾನ. 'ಹುಡುಗನು ಬರುವನು' ಭವಿಷ್ಯತ್. ಬರುವನು ಅಂತ ಯಾರ ಮನೆಯಲ್ಲಿ ಮಾತಾಡುತ್ತಾರೆ? ನಾಳೆ ಬರುವವನೂ ಬರ್ತಾನೆ, ದಿನಾ ಬರುವವನೂ ಬರ್ತಾನೆ. ಮಾರ್ಜಿನ್ನಿನಲ್ಲಿ ಬರೆಯೋಣ ಅನ್ನಿಸಿತು. ಬರೆಯಲಿಲ್ಲ. ಸಂಪಾದಕರು ಬಂದು 'ಏನಮ್ಮ, ಮುಖ ಬಾಡಿದೆ' ಅಂದರು. 'ಏನಿಲ್ಲ ಸರ್.' ನನ್ನ ಸಂಭಾಷಣೆಗಳೆಲ್ಲ ಹೀಗೇ ಮುಗಿಯುತ್ತವೆ.

ವಿಷಯ ಗೊತ್ತಿರುವುದು ಡಾಕ್ಟರನ್ನು ಬಿಟ್ಟರೆ ನನಗೆ, ನನ್ನ ಗಂಡನಿಗೆ. ಇವನಿಗಂತೂ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿಲ್ಲ. ಮೊನ್ನೆ ಲಿಫ್ಟ್ ರಿಪೇರಿಗೆ ಹೋದ ಕಡೆ ವಾಚ್‌ಮನ್‌ಗೇ ಹೇಳುವುದರಲ್ಲಿದ್ದನಂತೆ. ಭಾನುವಾರ ಅಪ್ಪ ಅಮ್ಮನನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದು, ಅಲ್ಲೇ ಹೇಳುವುದು. ಐಡಿಯಾ ಇವನದು. 'ಮನೇಲಿ ಹೇಳಿದ್ರೆ ಮಾವ ಒಂದು ಹೂಂ ಅಂದು ಪೇಪರ್ ತಿರುವ್ತಾರೆ. ಅಲ್ಲಾದ್ರೆ ಬ್ಯಾಂಡಾದ್ರೂ ಇರುತ್ತೆ.'

ಫೆಬ್ರವರಿ 24, ಭಾನುವಾರ, ಸಂಜೆ

ಹೇಳಲಿಲ್ಲ.

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಗೇಟು ದಾಟಿದ ಕೂಡಲೇ ಎಲ್ಲರೂ ಮೇಲೆ ನೋಡಿದರೆ ಇವನು ಕೆಳಗೆ ನೋಡತೊಡಗಿದ — ಬೋಲ್ಟು, ಕೇಬಲ್ಲು, ಗ್ರೀಸು. 'ಇದು ಹತ್ತಬಹುದು. ಇದು ಬೇಡ, ಸೌಂಡ್ ಸರಿಯಿಲ್ಲ.' ಅಮ್ಮ ನಕ್ಕಳು. 'ಅಳಿಯಂದ್ರು ಜೊತೆಗಿದ್ರೆ ಇನ್ಶೂರೆನ್ಸೇ ಬೇಡ.' ಅಮ್ಮ ನಗುವುದು ಅಪರೂಪ. ಒಳ್ಳೆಯ ದಿನ ಆರಿಸಿದ್ದೇವೆ ಅಂದುಕೊಂಡೆ.

ಶುರು ಮಾಡಿದವನು ಇವನೇ. ತೂಗುವ ದೊಡ್ಡ ದೋಣಿಯ ಮುಂದೆ ನಿಂತು, ನನ್ನ ಕಡೆ ಕಣ್ಣು ಹೊಡೆದು, 'ಅತ್ತೆ, ಮುಂದೆ ಮೊಮ್ಮಗು ಆದ್ರೆ ಇಲ್ಲಿಗೆ ನೀವೇ ಕರ್ಕೊಂಡು ಬರ್ಬೇಕು. ನಮಗೆ ರಜಾ ಸಿಗಲ್ಲ' ಅಂದ.

'ಬರ್ತೀವಿ, ಅದಕ್ಕೇನು' ಅಂದಳು ಅಮ್ಮ. 'ಆದ್ರೆ ಈ ದೋಣಿ ಹತ್ತಲ್ಲ ಅವನು. ಕೆಳಗೆ ನಿಂತ್ಕೊಂಡು ಹತ್ತಿದೋರಿಗೆಲ್ಲ ಟಾಟಾ ಮಾಡ್ತಾನೆ.'

'ನನ್ನ ಮಗ ಆಗಿ ಹತ್ತಲ್ವಾ? ಹೊತ್ಕೊಂಡು ಹೋಗಿ ಹತ್ತಿಸ್ತೀನಿ.'

'ಇಲ್ಲ. ಹತ್ತಲ್ಲ.'

ಬಸ್ಸಿನ ಟೈಮ್ ಹೇಳುವವರ ಧಾಟಿ.

ಆಮೇಲೆ ಅದೇ ಆಟ ಮುಂದುವರಿಯಿತು. ಕರಡಿ ವೇಷದವನು ಕೈ ಕುಲುಕಲು ಬಂದ. 'ಇವನನ್ನ ಕಂಡ್ರೆ ನನ್ನ ಹಿಂದೆ ಅಡಗ್ಕೋತಾನೆ' — ಅಮ್ಮ. 'ಅಡಗ್ಕೊಂಡು ನಿನ್ನ ಮೊಣಕೈ ಸಂದಿಯಿಂದ ನೋಡ್ತಾನೆ' — ಅಪ್ಪ. ಬ್ಯಾಂಡು ಬಂತು. 'ಕಿವಿ ಮುಚ್ಕೋತಾನೆ.' 'ಒಂದೇ ಕಿವಿ.' 'ಹೌದು, ಒಂದೇ ಕಿವಿ.' ಇವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಅಪ್ಪ ಅಮ್ಮನಿಗೆ ಇಷ್ಟು ಕಲ್ಪನೆ ಇದೆ ಅಂತ ಗೊತ್ತಿರಲಿಲ್ಲ. ಮೊಮ್ಮಗ ಅಂತ ಅವರು ಒಮ್ಮೆಯೂ ಅನ್ನಲಿಲ್ಲ. ಅವನು, ಅವನು.

ಪುಟ್ಟ ಕಾರುಗಳ ಹತ್ತಿರ ಜಿರಾಫೆಯ ಚಿತ್ರದ ಹಲಗೆ. ಅದರ ಮೇಲಿನ ಗೆರೆಗಿಂತ ಕುಳ್ಳಗಿದ್ದರೆ ಒಳಗೆ ಬಿಡುವುದಿಲ್ಲ. ಅಪ್ಪ ಹೋಗಿ ಪಕ್ಕದಲ್ಲಿ ನಿಂತರು. ಗೆರೆಗಿಂತ ಸ್ವಲ್ಪ ಕೆಳಗೆ ಗಾಳಿಯಲ್ಲಿ ಅಂಗೈ ಇಟ್ಟರು. 'ಇಷ್ಟೇ. ಬಿಡಲ್ಲ ಇವರು.' ಬೆರಳುಗಳು ತುಸು ಬಾಗಿದ್ದವು, ಕೂದಲಿನ ಮೇಲೆ ಇಟ್ಟಂತೆ. ತೆಗೆಯುವಾಗ ಒಮ್ಮೆ ಸವರಿ ತೆಗೆದರು.

ನನ್ನ ನಗು ಅಲ್ಲಿಗೆ ನಿಂತಿತು.

ಊಟದ ಹಾಲ್. ಅಮ್ಮ ಕಿತ್ತಳೆ ಸುಲಿಯುತ್ತ ಇವನಿಗೆ ಹೇಳುತ್ತಿದ್ದಳು. 'ಸುಲಿದು ಕೊಟ್ರೆ ಮುಟ್ಟಲ್ಲ. ತಾನೇ ಸುಲೀಬೇಕು. ಮರೆತು ಸುಲಿದುಬಿಟ್ರೆ, ಸಿಪ್ಪೆ ವಾಪಸ್ ಅಂಟಿಸು ಅಂತ ಅಳ್ತಿದ್ದ.'

ಅಳ್ತಿದ್ದ.

ಅಲ್ಲಿಯವರೆಗೆ ಎಲ್ಲ ಹತ್ತಲ್ಲ, ಮುಚ್ಕೋತಾನೆ, ನೋಡ್ತಾನೆ. ನಮ್ಮ ಮಾತಿನಲ್ಲಿ ಅದು ನಾಳೆಗೂ ಆಗುತ್ತದೆ, ದಿನಕ್ಕೂ ಆಗುತ್ತದೆ. ಒಂದೇ ಒಂದು ಸಲ ಅಮ್ಮನ ಕಾಲ ಜಾರಿತು. ಅಪ್ಪನ ಕೈ ನೀರಿನ ಲೋಟದ ಮೇಲೆ ನಿಂತಿತು. ಇವನಿಗೆ ಏನೂ ಗೊತ್ತಾಗಲಿಲ್ಲ. 'ನಾನು ಗೋಂದು ತಂದಿಟ್ಟಿರ್ತೀನಿ ಬಿಡಿ ಅತ್ತೆ' ಅಂದ.

ನಾನು ಹುಟ್ಟುವ ಮುಂಚೆ ಒಬ್ಬ ಅಣ್ಣ ಇದ್ದ. ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಹೋದ. ನಮ್ಮ ಮನೆಯಲ್ಲಿ ಅವನ ವಿಷಯ ಇರುವುದೇ ಇಷ್ಟು, ಎರಡು ವಾಕ್ಯ. ಅವನು ಒಂದೇ ಕಿವಿ ಮುಚ್ಚಿಕೊಳ್ಳುತ್ತಿದ್ದ ಅಂತ ಇವತ್ತು ಗೊತ್ತಾಯಿತು.

ಕೊನೆಗೆ ಆಟದ ರೈಲು. ಬೆಂಚಿನ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅಮ್ಮ. ನಡುವೆ ಜಾಗ. ಟಿಕೆಟಿನ ಹುಡುಗಿ, 'ಸ್ವಲ್ಪ ಒತ್ತಿ ಕೂತ್ಕೊಳ್ಳಿ ಅಜ್ಜಿ, ಇನ್ನೊಬ್ರು ಹಿಡೀತಾರೆ' ಅಂದಳು. 'ಜಾಗ ಇಲ್ಲಮ್ಮ' ಅಂದಳು ಅಮ್ಮ. ಸಿಟ್ಟಿಲ್ಲ, ಏನಿಲ್ಲ. ಹುಡುಗಿ ಆ ಜಾಗ ನೋಡಿದಳು, ಅಮ್ಮನ ಮುಖ ನೋಡಿದಳು, ಮುಂದೆ ಹೋದಳು. ನಾವು ಹಿಂದಿನ ಬೆಂಚು. ತಿರುವಿನಲ್ಲಿ ರೈಲು ವಾಲಿತು. ಇಬ್ಬರ ಕೈಗಳೂ ಒಟ್ಟಿಗೆ ಆ ಜಾಗಕ್ಕೆ ಅಡ್ಡ ಹೋದವು.

ಇವನು ಮೊಣಕೈಯಲ್ಲಿ ತಿವಿದ. ಈಗ ಹೇಳು ಅಂತ. ತಲೆ ಅಲ್ಲಾಡಿಸಿದೆ.

ಫೆಬ್ರವರಿ 25

'ಏನೇ ನಿಂದು? ಅವರು ಅಷ್ಟು ಖುಷಿಯಾಗಿದ್ರು.'

ಅಣ್ಣನ ವಿಷಯ ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ, 'ಇರ್ಲಿ ಬಿಡು. ಮೊಮ್ಮಗನಲ್ಲಿ ಮಗನ್ನ ನೋಡ್ತಾರೆ. ಎಲ್ಲರ ಮನೇಲೂ ಇದ್ದದ್ದೇ. ನನ್ನ ಮೂಗು ನಮ್ಮ ತಾತಂದು, ಗೊತ್ತಾ?'

'ಮೂಗಿನ ಮಾತಲ್ಲ. ಅವರಿಗೆ ಅವನೇ ಬೇಕು. ಹುಡುಗಿ ಆದ್ರೆ? ದೋಣಿ ಹತ್ತಬೇಕು ಅಂದ್ರೆ?'

'ಹತ್ತಲಿ. ಬೋಲ್ಟ್ ನಾನು ನೋಡ್ತೀನಿ.'

ನಗು ಬಂತು. ಹಿಂದೆಯೇ ಅಳು. ಆ ಜೀವಕ್ಕೆ ಇನ್ನೂ ಮುಖವಿಲ್ಲ. ಅದು ಯಾವುದಕ್ಕೆ ಹೆದರಬೇಕು ಅನ್ನುವುದು ಆಗಲೇ ತೀರ್ಮಾನವಾಗಿದೆ. ನನ್ನ ಹೊಟ್ಟೆಯಲ್ಲಿ ನನ್ನ ಅಣ್ಣ ಅಂದರೆ... ಮುಂದೆ ಯೋಚಿಸಲಾರೆ.

ಮಾರ್ಚ್ 9

ಆಫೀಸಿನಿಂದ ಅಪ್ಪನ ಕನ್ನಡಕದ ಅಂಗಡಿಗೆ ಹೋದೆ. ಯಾರೂ ಇರಲಿಲ್ಲ. ಗೋಡೆ ತುಂಬ ಖಾಲಿ ಫ್ರೇಮುಗಳು ನನ್ನನ್ನೇ ನೋಡುತ್ತಿದ್ದವು.

'ಅಪ್ಪ, ಮೊನ್ನೆ ಪಾರ್ಕಲ್ಲಿ ನೀವಿಬ್ರೂ ಹೇಳ್ತಿದ್ದದ್ದು ಅಣ್ಣನ ವಿಷಯ ಅಲ್ವಾ?'

ಇಷ್ಟು ಉದ್ದದ ಪ್ರಶ್ನೆ ಅಪ್ಪನಿಗೆ ಕೇಳಿದ ನೆನಪೇ ಇಲ್ಲ. ಸ್ಕ್ರೂ ಬಿಗಿಯುತ್ತಿದ್ದರು. ಬಿಗಿದು ಮುಗಿಸಿದರು.

'ನಿನ್ನಲ್ಲೂ ಹುಡುಕಿದ್ಲು ನಿಮ್ಮಮ್ಮ.'

'ನನ್ನಲ್ಲಾ?'

'ಹೆಣ್ಣಾದ್ರೇನು, ಬಂದಿರ್ಬಹುದು ಅಂತ. ನಿನಗೆ ಮಾತು ಬರೋವರೆಗೂ ಕಾದ್ಲು, ಏನಾದ್ರೂ ಗುರುತು ಹೇಳ್ತೀಯೇನೋ ಅಂತ. ಮಡಿಲಲ್ಲಿ ಕೂರಿಸ್ಕೊಂಡು ಅವನ ಅಂಗಿ ತೋರ್ಸೋಳು. ಯಾರದ್ದು ಇದು, ಹೇಳು, ಅಂತ ಕೇಳೋಳು.'

'ನಾನೇನಂತಿದ್ದೆ?'

'ನೀನು ಸುಮ್ನೆ ಅವಳ ಮುಖ ನೋಡ್ತಿದ್ದೆ. ಒಂದಿನ ಕೇಳೋದು ಬಿಟ್ಲು.'

'ನೀವೂ ನಂಬ್ತೀರಾ ಅಪ್ಪ?'

ಗಾಜು ಒರೆಸಿದರು, ಬೆಳಕಿಗೆ ಹಿಡಿದರು, ಮತ್ತೆ ಒರೆಸಿದರು. 'ಅವಳೊಬ್ಬಳೇ ಹೇಗೆ ಕಾಯ್ತಾಳೆ, ಮರಿ.'

ಗಿರಾಕಿ ಬಂದರು. ಅಪ್ಪನ ದನಿ ಬದಲಾಯಿತು. 'ಬನ್ನಿ ಸರ್, ಯಾವ ಸಾಲು ಮಸುಕಾಗಿದೆ?'

ನಡೆದುಕೊಂಡೇ ಮನೆಗೆ ಬಂದೆ. 'ಇವಳು ಹುಟ್ಟಿದಾಗಿಂದ ಹೀಗೇ, ಬಾಯಲ್ಲಿ ಮಾತೇ ಇಲ್ಲ' ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹುಟ್ಟಿದಾಗಿಂದ ಅಲ್ಲ. ಏನು ಹೇಳಿದರೂ ಅದಲ್ಲ ಅನ್ನುವ ಒಂದು ಮುಖದ ಎದುರು ಕೂತು ಕಲಿತದ್ದು.

ಮಾರ್ಚ್ 14, ಬೆಳಿಗ್ಗೆ

ಇವನು ತಟ್ಟೆಯಲ್ಲಿ ಕಿತ್ತಳೆ ತೊಳೆಗಳನ್ನು ಬಿಡಿಸಿ ಇಟ್ಟಿದ್ದ. 'ತಿನ್ನು, ಡಾಕ್ಟರ್ ಹೇಳಿದಾರೆ.'

'ಸುಲಿದದ್ದು ಬೇಡ. ಅವನಿಗೆ ಆಗಲ್ಲ.'

ಇವನು ನನ್ನನ್ನೇ ನೋಡಿದ. 'ಯಾರಿಗೆ?'

ಏನಿಲ್ಲ ಅಂದೆ. ತೊಳೆ ಬಾಯಿಗೆ ಹಾಕಿಕೊಂಡೆ. ನುಂಗಲು ಆಗಲಿಲ್ಲ.

ಇನ್ನು ತಡ ಮಾಡಬಾರದು. ಭಾನುವಾರ ಹೋಗಿ ಅಮ್ಮನಿಗೆ ಎಲ್ಲ ಸ್ಪಷ್ಟವಾಗಿ ಹೇಳುವುದು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ — ಅಮ್ಮನ ಮನೆ, ನನ್ನ ಹಳೆಯ ರೂಮು

ಬಸ್ಸಿನಲ್ಲಿ ಉದ್ದಕ್ಕೂ ಉರು ಹೊಡೆದುಕೊಂಡು ಬಂದೆ. 'ಅಮ್ಮ, ನನಗೆ ಮಗು ಆಗ್ತಿದೆ. ಆದ್ರೆ ಅದು ಬೇರೆ ಯಾರೋ. ನಮಗೆ ಯಾರಿಗೂ ಪರಿಚಯ ಇಲ್ಲದೋರು.' ಚೆನ್ನಾಗಿದೆ ಅನ್ನಿಸಿತ್ತು.

ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಮೊದಲನೇ ವಾಕ್ಯ ಹೇಳಿದೆ.

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. ಸ್ವಿಚ್ ಆರಿಸಿದಳು. ನನ್ನ ಮುಂದೆ ನೆಲದ ಮೇಲೆ ಕೂತು ಹೊಟ್ಟೆಯ ಮೇಲೆ ಕೈ ಇಟ್ಟಳು. ಅಂಗೈ ಬಿಸಿ.

'ಬಂದ್ಯಾ?' ಅಂದಳು.

ಕತ್ತಲಾದ ಮೇಲೆ ಮನೆ ಸೇರಿದವರನ್ನು ಕೇಳುವ ಹಾಗೆ. ನನ್ನ ಮುಖ ನೋಡಲಿಲ್ಲ. ಕತ್ತು ಸ್ವಲ್ಪ ವಾಲಿಸಿ ಕಾದಳು.

ಕಾಯುವ ಆ ರೀತಿ ನನಗೆ ಗೊತ್ತಿತ್ತು. ಎಲ್ಲಿ ನೋಡಿದ್ದೆ ಅಂತ ನೆನಪಿಲ್ಲ, ಆದರೆ ಮೈಗೆ ಗೊತ್ತಿತ್ತು. ಎರಡನೇ ವಾಕ್ಯ ನಾಲಿಗೆಯ ಮೇಲೇ ಇತ್ತು.

'ಹೂಂ. ಬಂದೆ.'

ಹೇಳಿದವಳು ನಾನು. ದನಿ ಒಂದಿಷ್ಟು ತೆಳ್ಳಗಿತ್ತು.

ಅಮ್ಮ ತಲೆ ಎತ್ತಿದಳು. ನನ್ನ ಮುಖ ನೋಡಿದಳು, ಹಣೆ, ಕಣ್ಣು, ಗಲ್ಲ, ಮತ್ತೆ ಕಣ್ಣು. ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದೇ ಇಲ್ಲ. ಆ ಹೊತ್ತು ಮುಗಿಯದಿರಲಿ ಅನ್ನಿಸಿತು. ಇದನ್ನೂ ಬರೆದಿಡಬೇಕು.

ಈಗ ಅಡುಗೆಮನೆಯಲ್ಲಿದ್ದಾಳೆ. ಪಾತ್ರೆಗಳ ಸದ್ದು, ನಡುವೆ ಏನೋ ಗುನುಗುತ್ತಿದ್ದಾಳೆ. ಅಮ್ಮ ಗುನುಗುವುದನ್ನು ನಾನು ಇದುವರೆಗೆ ಕೇಳಿರಲಿಲ್ಲ. ಇವನು ನಾಲ್ಕಕ್ಕೆ ಬರುತ್ತಾನೆ. ಹೇಳಿದ್ಯಾ, ಅಂತ ಕೇಳುತ್ತಾನೆ. ಅಷ್ಟರಲ್ಲಿ ಹೋಗಿ ಸರಿಮಾಡಬೇಕು. ಬಾಯಿ ತಪ್ಪಿ ಬಂತು ಅನ್ನಬೇಕು.

ಕರೆಯುತ್ತಿದ್ದಾಳೆ. 'ಬಾರೋ, ಆರಿಹೋಗುತ್ತೆ.'

ಬಾರೋ. ಬಾರೇ ಅಲ್ಲ. ಸರಿಯಾಗಿ ಕೇಳಿಸಿಕೊಂಡೆ.

ಮತ್ತೆ ಕರೆದಳು. ಏಳುತ್ತಿದ್ದೇನೆ. ಮೊದಲು ಇಷ್ಟು ಹೇಳಿಬಿಡಬೇಕು — ಅಮ್ಮ, ಇದು ಅವನಲ್ಲ, ನಾನೂ