ಹುಲ್ಲು ಒಣಗಿದ ಮೇಲೆ

ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತು

ನನ್ನ ಮುದ್ದು ಅಮ್ಮನಿಗೆ,

ನೀನು ಗೆದ್ದೆ, ನಾನು ಸೋತೆ. ಅಕ್ಷರ ಸೊಟ್ಟಗಾಗಿದ್ದರೆ ನಗಬೇಡ, ಖುಷಿಗೆ ಊಟ ಬಿಟ್ಟು ಗೀಚುತ್ತಿದ್ದೇನೆ. ನಿಮ್ಮಲ್ಲಿ ಫೋನು ಸಿಗುವುದಿಲ್ಲವೆಂದು ಹಾಲಿನ ವ್ಯಾನಿನವರ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಮೊದಲು ಇದನ್ನು ಕೇಳು: ಗುರುವಾರ ನಾವು ಬರುವವರೆಗೆ ನೀನಾಗಲಿ, ಚಿಕ್ಕಮ್ಮನಾಗಲಿ, ನಿಮ್ಮ ಗುಂಪಿನ ಯಾರೇ ಆಗಲಿ ಸೌದೆಗೆಂದು ಕಾಡಿಗೆ ಕಾಲಿಡಬೇಡಿ.

ಕಳೆದ ವಾರ ನಾನು ಬಂದಾಗ ಹೇಳಿದ್ದೆಯಲ್ಲ, ಈ ಸಲ ಚಳಿಯೇ ಬೀಳಲಿಲ್ಲ, ಉಣ್ಣಿ ಆಗಲೇ ಕಾಲಿಗೆ ಹತ್ತುತ್ತಿವೆ ಎಂದು. ನಾನು ಮಹಾ ಪಂಡಿತೆಯ ಹಾಗೆ, ಜ್ವರ ತರುವ ಉಣ್ಣಿಗೆ ಇನ್ನೂ ಎರಡು ತಿಂಗಳಿದೆ, ನಮ್ಮ ಬಟ್ಟೆಗೆ ಒಂದೂ ಹತ್ತಿಲ್ಲ ಎಂದೆ. ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದು, ಅಂಟಿಕೊಂಡ ಉಣ್ಣಿ ಎಣಿಸುವುದೇ ಆರೋಗ್ಯ ಇಲಾಖೆಯಲ್ಲಿ ನನ್ನ ಕೆಲಸವಲ್ಲವೇ. ಮೂರು ವಾರದಿಂದ ವರದಿಯಲ್ಲಿ ಸೊನ್ನೆ. ಸೊನ್ನೆ ಇರುವ ತನಕ ಉಣ್ಣಿ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಉಗ್ರಾಣದಿಂದ ಹೊರಬರುವುದಿಲ್ಲ. ಎಷ್ಟು ಹೊತ್ತಿಗೆ ಎಳೆಯುತ್ತೀರಿ ಎಂದು ನೀನು ಕೇಳಿದೆ. ಬೆಳಗ್ಗೆ ಆರಕ್ಕೆ ಶುರುಮಾಡಿ ಆಫೀಸು ತೆರೆಯುವಷ್ಟರಲ್ಲಿ ಮುಗಿಸುತ್ತೇವೆ ಎಂದು ನಾನು ಹೇಳಿದಾಗ ನೀನು ಹೊಟ್ಟೆ ಹುಣ್ಣಾಗುವಂತೆ ನಕ್ಕುಬಿಟ್ಟೆ.

“ಇಬ್ಬನಿಯಲ್ಲಿ ನೆಂದ ಬಟ್ಟೆಗೆ ಯಾವ ಉಣ್ಣಿ ಹತ್ತುತ್ತೆ? ಹುಲ್ಲು ಒಣಗಿದ ಮೇಲೆ ಎಳೆದು ನೋಡು ಹೋಗು.”

ನನಗೆ ಮೈಯೆಲ್ಲಾ ಉರಿದುಹೋಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಇವತ್ತು ಹನ್ನೊಂದು ಗಂಟೆಗೆ, ಯಾರಿಗೂ ಹೇಳದೆ, ನಿಮ್ಮ ಕಾಡಿನಂಚಿನಲ್ಲಿ ನಾವು ಬೆಳಗ್ಗೆ ಎಳೆಯುವ ಅದೇ ಜಾಗದಲ್ಲಿ ಎಳೆದೆ. ಅರವತ್ತಮೂರು, ಅಮ್ಮಾ! ಬಟ್ಟೆಯ ತುಂಬಾ ಎಳ್ಳು ಚೆಲ್ಲಿದ ಹಾಗೆ. ಎದ್ದೆನೋ ಬಿದ್ದೆನೋ ಎಂದು ಆಫೀಸಿಗೆ ಓಡಿದೆ. ನಮ್ಮ ಅಧಿಕಾರಿ ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದರು, ಕೂಡಲೇ ಉಗ್ರಾಣಕ್ಕೆ ಫೋನು ಮಾಡಿದರು. ಗುರುವಾರ ಎಣ್ಣೆ, ಉದ್ದನೆಯ ಕಾಲುಚೀಲ, ಜ್ವರ ನೋಡುವ ನರ್ಸು, ಎಲ್ಲಾ ನಿಮ್ಮಲ್ಲಿಗೆ. ಹೋದ ವರ್ಷ ಎಣ್ಣೆ ಬರುವಷ್ಟರಲ್ಲಿ ದೊಡ್ಡಮ್ಮ ಜ್ವರ ಬಂದು ಹೋಗಿಬಿಟ್ಟಿದ್ದರು. ಈ ಸಲ ಜ್ವರಕ್ಕಿಂತ ಮೊದಲು ನಾವು ಬರುತ್ತಿದ್ದೇವೆ.

ನಿನ್ನ ಹತ್ತಿರ ಸೋತು ಕುಣಿಯುತ್ತಿರುವ,
ಮಗಳು

ಇನ್ನೊಂದು ಮಾತು. ಇದು ನನಗೆ ಹೇಗೆ ಹೊಳೆಯಿತು ಎಂದು ಅಧಿಕಾರಿ ಕೇಳಿದರು. ಅಮ್ಮ ಹೇಳಿಕೊಟ್ಟಳು ಎಂದೆ. ಅವರು ಕಕ್ಕಾಬಿಕ್ಕಿಯಾದರು. ಯಾಕೆಂದರೆ ಕೆಲಸಕ್ಕೆ ಸೇರಿದ ದಿನವೇ ನನ್ನ ಅಮ್ಮ ಟೀಚರು ಎಂದು ಸುಳ್ಳು ಹೇಳಿದ್ದೆ, ನಾಲ್ಕು ವರ್ಷ ಅದನ್ನೇ ಸಾಕಿಕೊಂಡು ಬಂದಿದ್ದೆ. ಕ್ಷಮಿಸಮ್ಮಾ. ಸೌದೆ ಹೊರುವವಳು ಎಂದು ಇವತ್ತು ಎಲ್ಲರೆದುರಿಗೇ ಹೇಳಿದೆ. ಗುರುವಾರ ಇಡೀ ಆಫೀಸು ಬರುತ್ತಿದೆ, ನಿನ್ನ ಹತ್ತಿರ ಪಾಠ ಹೇಳಿಸಿಕೊಳ್ಳಲು.